ಏಳು ಕಾಳು ಅಕ್ಕಿ

ಸಂಪಾದಕ ಸಿದ್ದಲಿಂಗ ಬಗ್ಗಿ ಹೆಣದ ಬಾಯಿಗೆ ಅಕ್ಕಿ ಹಾಕಬೇಕು, ಅಷ್ಟರಲ್ಲಿ ಗಂಗಾದೇವಿ ಅವನ ಮಣಿಕಟ್ಟು ಹಿಡಿದಳು.

"ನೀವು ಹಾಕ್ಬೇಡಿ ಸಾರ್."

ತಣಿಸಂದ್ರದ ಆ ಮನೆಯೆದುರು, ಶಾಮಿಯಾನದ ಕೆಳಗೆ, ನೆಂಟರು ಸಾಲಾಗಿ ಬಂದು ಅವಳ ಗಂಡ ಭೀಮರಾಜನ ಬಾಯಿಗೆ ಎರಡೆರಡು ಕಾಳು ಅಕ್ಕಿ ಹಾಕುತ್ತಿದ್ದರು. ಮಣ್ಣಿಗೆ ಹೋಗುವವನನ್ನು ಬರಿಬಾಯಲ್ಲಿ ಕಳಿಸಬಾರದು. ಸಿದ್ದಲಿಂಗ ಆಳೆತ್ತರದ ಹಾರ ತಂದಿದ್ದ. ಅದರ ಮೇಲೆ ಪತ್ರಿಕೆಯ ಹೆಸರು ಬೇರೆ, ಜೊತೆಗೊಬ್ಬ ಫೋಟೊಗ್ರಾಫರ್ ಬೇರೆ. ಏನು ದೌಲತ್ತು ಅಂತೀರಿ.

ಭೀಮರಾಜನ ಅಣ್ಣ ಮುನಿಶಾಮಪ್ಪನಿಗೆ ಮೈ ಉರಿದುಹೋಯಿತು. ಸಾವಿನ ಮನೆಗೆ ಬಂದ ದೊಡ್ಡ ಮನುಷ್ಯನ ಕೈ ಹಿಡಿಯುವುದೆಂದರೇನು? "ಬುಡಮ್ಮ, ಇಂಗೆಲ್ಲಾ ಮಾಡ್ಬಾರ್ದು," ಎಂದು ಗದರಿದ. ಅವಳು ಬಿಡಲಿಲ್ಲ.

*

ಭೀಮರಾಜ ಸಿದ್ದಲಿಂಗನ ಪತ್ರಿಕೆಯ ವರದಿಗಾರ, ಹದಿನೆಂಟು ವರ್ಷ ದೂರದ ಒಂದೇ ಗುಡ್ಡಗಾಡಿಗೆ ಹೋಗಿಬಂದವನು. ಸೈನ್ಯ ಒಂದು ಕಡೆ, ಬಂಡುಕೋರರು ಇನ್ನೊಂದು ಕಡೆ, ಸಾಯುವವರು ಮಾತ್ರ ನಡುವಿನ ಊರವರು. ಸತ್ತವರ ಮನೆಯಲ್ಲಿ ಕೂತು ಹೆಸರು, ವಯಸ್ಸು, ಕಸುಬು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ ಏಳುವುದು ಅವನ ಕ್ರಮ. ಕೊನೆಯ ಸಲ ಒಂದೇ ಊರಲ್ಲಿ ಏಳು ಹೆಸರು. ಎಲ್ಲರೂ ಶುಂಠಿ ಕೀಳಲು ಹೋಗಿ ಸೈನ್ಯದ ಗುಂಡಿಗೆ ಸಿಕ್ಕವರು.

ಪತ್ರಿಕೆಯಲ್ಲಿ ಬಂದದ್ದು, ಏಳು ಬಂಡುಕೋರರ ಹತ್ಯೆ ಅಂತ. ಹೆಸರಿಲ್ಲ, ಶುಂಠಿಯಿಲ್ಲ. ಮೇಲೆ ದಪ್ಪಕ್ಷರದಲ್ಲಿ ಭೀಮರಾಜನ ಹೆಸರು. ತಿದ್ದಿದವನು ಸಿದ್ದಲಿಂಗ. ತಪ್ಪಾಯಿತೆಂದು ಪತ್ರಿಕೆಯಲ್ಲಿ ಹಾಕಿ ಎಂದು ಭೀಮರಾಜ ಎರಡು ತಿಂಗಳು ಅವನ ಬಾಗಿಲು ಸವೆಸಿದ. ನಾಳೆ ನೋಡೋಣ, ನಾಳೆ ನೋಡೋಣ ಎಂದು ಸಿದ್ದಲಿಂಗ ಸಾಗಹಾಕಿದ. ಅಷ್ಟರಲ್ಲಿ ಆ ಊರಿಂದ, ಸತ್ತವನೊಬ್ಬನ ತಾಯಿ ಫೋನ್ ಮಾಡಿ, ನನ್ನ ಮನೆಯಲ್ಲಿ ಉಂಡು ಹೋಗಿ ನನ್ನ ಮಗನನ್ನು ಹೀಗೆ ಬರೆದೆಯಲ್ಲಪ್ಪ ಎಂದಳು. ಆಮೇಲೆ ಅವನಿಗೆ ಸರಿಯಾಗಿ ತುತ್ತು ಇಳಿಯಲಿಲ್ಲ. ನಿನ್ನೆ ಬೆಳಿಗ್ಗೆ ಮತ್ತೆ ಕಚೇರಿಗೆ ಹೊರಟವನು ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದ.

*

"ಬದುಕಿದ್ದಾಗ ಅವರ ಬಾಯಿ ಮುಚ್ಚಿಸಿದ್ರಿ. ಈಗ ಅದೇ ಬಾಯಿಗೆ ಅಕ್ಕಿ ಹಾಕ್ತೀರಾ?" ಗಂಗಾದೇವಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗಂಡನ ನೋಟ್‌ಬುಕ್ ತೆಗೆದಳು. "ಈ ಏಳು ಹೆಸರು ಓದಿ. ಶುಂಠಿ ಕೀಳೋಕೆ ಹೋದೋರು, ಬಂಡುಕೋರರಲ್ಲ ಅಂತ ಇಷ್ಟು ಜನದ ಮುಂದೆ ಹೇಳಿ. ಆಮೇಲೆ ಹಾಕಿ."

ಸಿದ್ದಲಿಂಗ ಫೋಟೊ ಬೇಡವೆಂದು ಕಣ್ಸನ್ನೆ ಮಾಡಿದ. ಇದು ಸಮಯವಲ್ಲ, ನಾಳೆ ಕಚೇರಿಗೆ ಬನ್ನಿ, ಕೂತು ಮಾತಾಡೋಣ ಎಂದ.

ಮುನಿಶಾಮಪ್ಪ ಇದನ್ನೆಲ್ಲ ಕೇಳುತ್ತಿದ್ದುದು ಇದೇ ಮೊದಲು. "ನನ್ ತಮ್ಮನ ಎಸ್ರು ಆಕಿ ಸುಳ್ಳು ಬರೆದ್ರಾ?" ಎಂದು ಕೇಳಿದ. ಸಿದ್ದಲಿಂಗ ಕಾರಿನ ಕಡೆ ತಿರುಗಿದ.

ಮುನಿಶಾಮಪ್ಪ ತಮ್ಮನ ಹೆಂಡತಿಯ ಕೈಯಿಂದ ನೋಟ್‌ಬುಕ್ ಇಸಿದುಕೊಂಡು ತಮ್ಮನ ತಲೆಯ ಬಳಿ ಕೂತ. ಆ ಕಡೆಯ ಹೆಸರುಗಳು ಅವನ ನಾಲಿಗೆಗೆ ಹೊರಳಲೊಲ್ಲವು. ತಡವರಿಸಿದ, ಮೊದಲಿಂದ ಓದಿದ, ಒಂದೊಂದು ಹೆಸರಿಗೂ ತಮ್ಮನ ಬಾಯಿಗೆ ಒಂದೊಂದು ಕಾಳು ಹಾಕಿದ. ಏಳನೆಯ ಹೆಸರಿನ ಪಕ್ಕ ಹದಿಮೂರು ವರ್ಷ ಎಂದಿತ್ತು. ಅದನ್ನೂ ಗಟ್ಟಿಯಾಗಿ ಓದಿದ.

ಗಂಗಾದೇವಿ ಸಿದ್ದಲಿಂಗನ ಕೈ ಬಿಟ್ಟಳು. ಜನ ಸರಿದು ದಾರಿ ಕೊಟ್ಟರು. ಅವನು ಎಡಗೈಯಲ್ಲಿ ಕಾರಿನ ಬಾಗಿಲು ತೆಗೆದ. ಬಲಗೈಯಲ್ಲಿ ಆ ಅಕ್ಕಿ ಹಾಗೇ ಇತ್ತು.