ಮೈಕಿಲ್ಲದ ಆಟ

ಹೊಳೆವ್ವ ಅಂಗಳದಲ್ಲಿ ಬಂದು ನಿಂತಾಗ ಭೀಮಸಿ ಮಾಸ್ತರರು ಕಟ್ಟೆಯ ಮೇಲೆ ಕೂತು, ಕಿರೀಟದಿಂದ ಉದುರಿದ್ದ ಕನ್ನಡಿ ಚೂರುಗಳನ್ನು ಅಂಟಿಸುತ್ತಿದ್ದರು. ಅಥಣಿ ಸೀಮೆಯಲ್ಲಿ ದೊಡ್ಡಾಟ ಕಲಿಸುವವರು ಅವರು. ಹಾಡುವವರೂ ಅವರೇ, ಹೆಜ್ಜೆ ತಪ್ಪಿದವರನ್ನು ಬೈಯುವವರೂ ಅವರೇ. ಅವಳ ಗುರುತು ತಕ್ಷಣ ಹತ್ತಿತು. ಎರಡು ವರ್ಷದಿಂದ ಪ್ರತಿ ಆಟದಲ್ಲೂ ಜನರ ನಡುವೆ ಆ ಮುಖವನ್ನು ಹುಡುಕುತ್ತಿದ್ದರು, ಕಾಣದಿದ್ದಾಗ ನಿರಾಳವಾಗಿ ಉಸಿರು ಬಿಡುತ್ತಿದ್ದರು.

"ಬಾ ತಂಗಿ," ಎಂದರು.

ಅವಳು ನಿಂತೇ ಹೇಳಿದಳು. "ನಾ ಈಗ ಅಥಣ್ಯಾಗ ಅದೀನ್ರಿ ಮಾಸ್ತರ್ರ. ಆಟಿಸಂ ಇದ್ದ ಮಕ್ಕಳ ಸಾಲ್ಯಾಗ ಆಯಾ ಕೆಲಸ ಮಾಡ್ತೀನಿ. ಆ ಮಕ್ಕಳ ಅವ್ವ-ಅಪ್ಪ ಒಂದು ಲಗ್ನಕ್ಕ ಹೋಗಂಗಿಲ್ಲ, ಒಂದು ಆಟ ನೋಡಂಗಿಲ್ಲ. ಮಕ್ಕಳು ಚೀರ್ತಾವು, ಮಂದಿ ನಗ್ತಾರು. ಅವರ ಸಲುವಾಗಿ ನೀವೊಂದು ಆಟ ಆಡಬೇಕ್ರಿ. ಮಕ್ಕಳನ್ನ ಕರಕೊಂಡು ಕುಂತು ನೋಡೂವಂಥಾದ್ದು."

ಮಾಸ್ತರರು "ಆಗ್ಲಿ" ಅಂದುಬಿಟ್ಟರು. ಇಲ್ಲ ಅನ್ನಲು ಅವರಿಗೆ ಬಾಯಿರಲಿಲ್ಲ.

ಎರಡು ವರ್ಷದ ಹಿಂದೆ ತೆಲಸಂಗದಲ್ಲಿ ಒಬ್ಬರ ಹೊಸ ಮನೆಯ ಮುಂದೆ ಮಧ್ಯಾಹ್ನದ ಆಟವಿತ್ತು. ರಾಜನ ಪಾತ್ರದ ಕಾಡಸಿದ್ದ ರಂಗದ ಹಲಗೆ ಒದ್ದು ಗರ್ಜಿಸಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಹೊಳೆವ್ವನ ಮಗಳು ಮಾಯಾ ಕಿವಿ ಮುಚ್ಚಿಕೊಂಡು ಚೀರತೊಡಗಿದಳು. ಒಂಬತ್ತು ವರ್ಷದ ಹುಡುಗಿ, ಮಾತು ಬರುತ್ತಿರಲಿಲ್ಲ. ಹಾಡು ಕೆಟ್ಟ ಸಿಟ್ಟಿನಲ್ಲಿ ಮಾಸ್ತರರು ಮೈಕಿನಲ್ಲೇ ಕೂಗಿದರು: "ಯಾರದಬೇ ಆ ಕೂಸು? ಹೊರಗ ಒಯ್ರಿ ಮೊದ್ಲ! ರಾಜನ ದನಿಕಿಂತ ಇದರ ದನಿನ ದೊಡ್ಡದಾತು!" ಜನ ಹೋ ಎಂದು ನಕ್ಕರು. ಹೊಳೆವ್ವ ತಲೆ ತಗ್ಗಿಸಿಕೊಂಡು ಮಗಳನ್ನು ಎಳೆದುಕೊಂಡು ಹೋದಳು. ಜನರನ್ನು ದಾಟಿದ ಮೇಲೆ ಹುಡುಗಿ ಕೈ ಕೊಸರಿಕೊಂಡು ಓಡಿತು. ಪಕ್ಕದ ದ್ರಾಕ್ಷಿ ತೋಟದಲ್ಲಿ ಕೃಷಿಹೊಂಡವಿತ್ತು. ಒಳಗೆಲ್ಲ ಪ್ಲಾಸ್ಟಿಕ್ ಹಾಸಿದ ಹೊಂಡ, ಬಿದ್ದವರಿಗೆ ಹತ್ತಲು ಹಿಡಿತವೇ ಸಿಗದು. ತಾಯಿ ದಂಡೆಯ ಮೇಲೆ ನಿಂತು ಕೂಗಿದಳು. ನೂರಿನ್ನೂರು ಮಾರು ದೂರದಲ್ಲಿ ಊರಿಗೆ ಊರೇ ಕೂತಿತ್ತು. ಮದ್ದಳೆ, ತಾಳ, ಎರಡು ದೊಡ್ಡ ಸ್ಪೀಕರು. ಯಾರಿಗೂ ಕೇಳಲಿಲ್ಲ. ಆಟ ಮತ್ತೆ ಒಂದು ತಾಸು ನಡೆಯಿತು.

ಹುಡುಗಿ ಮುಳುಗಿ ಸತ್ತ ಸುದ್ದಿ ತಿಳಿದಾಗ ಜನ ತಾಯಿಯನ್ನೇ ಅಂದರು. ಅಂಥಾ ಕೂಸನ್ನು ಮಂದ್ಯಾಗ ಯಾಕ ತರಬೇಕಿತ್ತು ಎಂದರು. ಮಾಸ್ತರರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ತಾಲೀಮು ಪ್ರತಿ ರವಿವಾರ. ಅಣ್ಣ-ತಮ್ಮಂದಿರ ಕಾಳಗದ ಆಟ. ರಾತ್ರಿಯಿಡೀ ನಡೆಯುವುದನ್ನು ಒಂದು ತಾಸಿಗೆ ಇಳಿಸಿದರು. ಹೊಳೆವ್ವ ನೆಲದ ಮೇಲೆ ಕೂತು ನೋಡುತ್ತಿದ್ದಳು.

"ಇಲ್ಲಿ ಮಕ್ಕಳು ತಡಕೊಳ್ಳಂಗಿಲ್ರಿ," ಎನ್ನುತ್ತಿದ್ದಳು. "ಹಲಗಿ ಬ್ಯಾಡ, ಮಣ್ಣಿನ ನೆಲ ಇರ್ಲಿ. ಮೈಕ್ ಬ್ಯಾಡ. ಪರದೆ ಹಿಂದಿಂದ ಒಮ್ಮೆಲೆ ಜಿಗಿಯೂದು ಬ್ಯಾಡ."

ಮದ್ದಳೆಯ ಮಹಾದೇವನಿಗೆ ರೇಗಿತು. "ಮದ್ದಳಿಗೆ ಅರಿಬಿ ಸುತ್ತಿ ಬಾರಸಂದ್ರ ಹೆಂಗ್ರಿ ಮಾಸ್ತರ್ರ? ಇದೇನು ದೊಡ್ಡಾಟೋ, ಹೆಣದ ಮನ್ಯಾಗಿನ ಭಜನ್ಯೋ?"

ಮಾಸ್ತರರೇ "ಸುತ್ತಲೇ," ಎಂದರು. ಅವರ ದನಿ ಕೇಳಿ ಮಹಾದೇವ ಮದ್ದಳೆಗೆ ಬಟ್ಟೆ ಸುತ್ತಿದ.

ಒಂದು ಮಾತ್ರ ಅವಳು ಹಾಗೇ ಉಳಿಸಿದಳು. ದೊಡ್ಡಾಟದಲ್ಲಿ ಯಾವ ಪಾತ್ರ ಬಂದರೂ ಸಾರಥಿ ಎದುರು ನಿಂತು, ನೀವ್ಯಾರು, ನಿಮ್ಮ ಹೆಸರೇನು, ಇಲ್ಲಿಗೆ ಬಂದದ್ದೇಕೆ ಎಂದು ಕೇಳುತ್ತಾನೆ. "ಇದು ಚಲೋ ಐತ್ರಿ," ಎಂದಳು. "ಯಾರು ಬಂದ್ರು, ಏನ ಆಗೂದೈತಿ ಅಂತ ಮೊದ್ಲ ತಿಳದ್ರ ಅವು ಅಂಜಂಗಿಲ್ಲ." ನಲವತ್ತು ವರ್ಷ ಆ ಮಾತನ್ನು ಬಾಯಿಪಾಠ ಹೇಳಿಸಿದ್ದ ಮಾಸ್ತರರಿಗೆ ಅದು ಯಾಕಿದೆ ಎಂದು ಅವತ್ತು ಹೊಸದಾಗಿ ಹೊಳೆಯಿತು. ಪ್ರತಿ ವಾರ ಅವಳು ತೆಗೆಸುತ್ತಿದ್ದುದು ತೆಲಸಂಗದ ಆಟದ ಒಂದೊಂದು ತುಂಡನ್ನೇ ಎಂಬುದೂ ಗೊತ್ತಾಗಿತ್ತು.

ಆಟ ಅಥಣಿಯ ಒಂದು ಸಭಾಭವನದ ಅಂಗಳದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಹನ್ನೊಂದು ಮಕ್ಕಳು ಬಂದಿದ್ದವು. ಕಾಗವಾಡದ ಚಂದ್ರಮತಿ ಹದಿನಾಲ್ಕು ವರ್ಷದ ಮಗ ಕುಣಾಲನನ್ನು ಕರೆತಂದಿದ್ದಳು. ಅವನು ಆಗಲೇ ತಾಯಿಗಿಂತ ಒಂದು ಗೇಣು ಎತ್ತರ. ಬಸ್ಸಿನಲ್ಲಿ ಅವನು ತನ್ನ ಕೈಯನ್ನೇ ಕಚ್ಚಿಕೊಂಡಿದ್ದರಿಂದ ಅವಳ ಸೆರಗಿನ ತುದಿಯಲ್ಲಿ ರಕ್ತವಿತ್ತು.

ಕಾಡಸಿದ್ದ ಬರಿ ಅಂಗಿಯಲ್ಲೇ ಮಕ್ಕಳೆದುರು ಬಂದ. "ನಾ ಕಾಡಸಿದ್ದ. ಈಗ ರಾಜ ಆಗ್ತೀನಿ. ಇದು ಕಿರೀಟ," ಎಂದು ಅವರ ಕಣ್ಣೆದುರೇ ಇಟ್ಟುಕೊಂಡ. ಒಂದು ಹುಡುಗಿ ಹಿಂದೆ ಮುಂದೆ ತೂಗುತ್ತಲೇ ನೋಡಿತು. ಒಬ್ಬ ಬೆನ್ನು ತಿರುಗಿಸಿ ಕೂತ, ಆದರೆ ತಾಳಕ್ಕೆ ಸರಿಯಾಗಿ ಬೆರಳು ಆಡಿಸುತ್ತಿದ್ದ. ಕುಣಾಲ ಎದ್ದು ನೇರವಾಗಿ ಆಟದ ನಡುವೆ ಹೋಗಿ ಕೂತುಬಿಟ್ಟ. ಎಳೆಯಲು ಎದ್ದ ಚಂದ್ರಮತಿಯ ತೋಳು ಹಿಡಿದು ಹೊಳೆವ್ವ, "ಇರ್ಲಿ ಬಿಡ್ರಿ ಅಕ್ಕಾರ, ಕುಂದರ್ಲಿ," ಎಂದಳು. ಅಣ್ಣ ತಮ್ಮಂದಿರು ಅವನ ಸುತ್ತ ಸುಳಿದು ಕುಣಿದರು. ಮಾಸ್ತರರು ಗಂಟಲು ತಗ್ಗಿಸಿ ಹಾಡುತ್ತಿದ್ದರು. ಅರ್ಧ ತಾಸು ಹಾಗೆ ನಡೆಯಿತು.

ಆಮೇಲೆ ರಸ್ತೆಯಲ್ಲಿ ಡಾಲ್ಬಿ ಬಂತು. ಯಾರದೋ ಮದುವೆಯ ಮೆರವಣಿಗೆ. ಟ್ರ್ಯಾಕ್ಟರಿನ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು. ಭವನದ ಕಿಟಕಿ ಗಾಜುಗಳು ನಡುಗಿದವು. ಮಕ್ಕಳು ಒಂದಾದ ಮೇಲೊಂದು ಚೀರಿದವು. ಕುಣಾಲ ತಲೆಯನ್ನು ನೆಲಕ್ಕೆ ಎರಡು ಸಲ ಬಡಿದು, ಎದ್ದು ಗೇಟಿನತ್ತ ಓಡಿದ. ಗೇಟಿಗೆ ಅಡ್ಡ ನಿಂತಿದ್ದ ಹೊಳೆವ್ವ ತೋಳು ಚಾಚಿದಳು. ಅವನ ಮೊಳಕೈ ಅವಳ ಮುಖಕ್ಕೆ ಬಡಿಯಿತು. ಅವಳು ಬಿದ್ದಳು, ಬಿದ್ದಲ್ಲಿಂದಲೇ ಅವನ ಕಾಲು ಹಿಡಿದುಕೊಂಡಳು, ಬಿಡಲಿಲ್ಲ.

ಮಾಸ್ತರರು ರಸ್ತೆಗೆ ಓಡಿ ಟ್ರ್ಯಾಕ್ಟರಿನೆದುರು ಕೈ ಮುಗಿದರು. "ಐದು ಮಿನಿಟ್ ಬಂದ್ ಮಾಡ್ರಪಾ! ಒಳಗ ಮಕ್ಕಳದಾವು!" ಕೂಗಿದ್ದು ತಮ್ಮ ಕಿವಿಗೇ ಬೀಳಲಿಲ್ಲ. ಹುಡುಗರು ಮುದುಕ ಕುಣಿಯಲು ಬಂದ ಎಂದುಕೊಂಡು ಅವರ ಎರಡೂ ಕೈ ಹಿಡಿದು ಎತ್ತಿ ಕುಣಿಸಿದರು, ಗುಲಾಲು ಎರಚಿದರು. ಆ ಗದ್ದಲದ ನಡುವೆ ಮಾಸ್ತರರಿಗೆ ಹೊಂಡದ ದಂಡೆಯ ಕೂಗು ಹೇಗಿದ್ದಿರಬೇಕೆಂದು ತಿಳಿಯಿತು.

ಅವರು ಒಳಗೆ ಬರುವಷ್ಟರಲ್ಲಿ ಏಳು ಮನೆಯವರು ಮಕ್ಕಳನ್ನು ಎತ್ತಿಕೊಂಡು ಹೋಗಿದ್ದರು. ಉಳಿದದ್ದು ನಾಲ್ಕು ಮನೆಯವರು. ಕುಣಾಲ ಗೋಡೆಗೆ ಮುಖ ಒತ್ತಿ ನಿಂತಿದ್ದ. ಅವನ ಚಡ್ಡಿ ಒದ್ದೆಯಾಗಿತ್ತು. ಹೊಳೆವ್ವನ ತುಟಿ ಒಡೆದಿತ್ತು. ವೇಷದವರು ಕಿರೀಟ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

"ಮುಂದ ಏನಾತ್ರಿ?" ಎಂದಳು ಚಂದ್ರಮತಿ. "ತಮ್ಮ ಅಣ್ಣನ ಮ್ಯಾಲ ಕೈ ಎತ್ತಿದ್ದ. ಹೊಡದ್ನೋ ಇಲ್ಲೋ? ಹದಿಮೂರು ವರ್ಷ ಆತ್ರಿ ನಾ ಆಟ ನೋಡಿ."

ನಾಲ್ಕು ಮನೆಯವರಿಗಾಗಿ ಉಳಿದ ಕಾಳಗ ಆಡಿದರು.

ಎಲ್ಲರೂ ಹೋದ ಮೇಲೆ ಹೊಳೆವ್ವ ನೆಲ ಒರೆಸುತ್ತಿದ್ದಳು. ಮಾಸ್ತರರು ಮುಖದ ಗುಲಾಲನ್ನೂ ತೊಳೆದಿರಲಿಲ್ಲ. "ಅವತ್ತು ಮೈಕಿನಾಗ ಅಂದಾಂವ ನಾನವ್ವಾ," ಎಂದರು.

"ಗೊತ್ತೈತ್ರಿ. ಆ ದನಿ ಮರೀಲಿಕ್ಕೆ ಆಕ್ಕೈತೇನು?"

"ಮತ್ತ ನನ್ನ ಕಡೆನ ಯಾಕ ಬಂದಿ?"

"ಸುತ್ತಮುತ್ತ ಆಟ ಆಡಾವ್ರು ನೀವಷ್ಟ ಉಳದೀರಿ." ಅವಳು ಅರಿವೆ ಹಿಂಡಿದಳು. "ತಪ್ಪಾತು ಅನಬ್ಯಾಡ್ರಿ. ಅಂದ್ರ ನಾ ಏನರ ಹೇಳಬೇಕಾಕ್ಕೈತಿ. ನನ್ನ ಕಡೆ ಹೇಳೂವಂಥಾದ್ದು ಏನೂ ಇಲ್ಲ."

ಮಾಸ್ತರರು ಬಕೀಟು ಎತ್ತಿ ಹೊಲಸು ನೀರು ಚೆಲ್ಲಿ ಬಂದರು.

ಮುಂದೆ ರಾಯಬಾಗದಲ್ಲಿ ಕೂಡಿಸಿದ ಆಟಕ್ಕೆ ಒಬ್ಬರೂ ಬರಲಿಲ್ಲ. ಮಹಾದೇವ ಬಿಟ್ಟುಹೋದ. ಭೋಜ ಎಂಬ ಊರಲ್ಲಿ ಬಂದದ್ದು ಒಂದೇ ಮನೆ: ಬಾಪುಸಾಹೇಬ ಎಂಬ ರೈತ, ಆರು ವರ್ಷದ ಮಗಳು. ಸಾರಥಿ ರಾಜನ ಹೆಸರು ಕೇಳುವಷ್ಟರಲ್ಲೇ ಹುಡುಗಿ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಯಿತು. ನಿಲ್ಲಿಸಲೇ ಎಂದು ಮಾಸ್ತರರು ಕಣ್ಣಲ್ಲೇ ಕೇಳಿದರು. ಬಾಪುಸಾಹೇಬ ಬೇಡವೆಂದು ತಲೆಯಾಡಿಸಿದ. ಮೂರು ದಿನದಿಂದ ಮಗು ಮಲಗಿಲ್ಲವಂತೆ ಎಂದು ಹೊಳೆವ್ವ ಪಿಸುಗುಟ್ಟಿದಳು. ಅವನೊಬ್ಬನಿಗಾಗಿ ಇಡೀ ಆಟ ಆಡಿದರು. ಮುಗಿದ ಮೇಲೂ ಅವನು ಏಳಲಿಲ್ಲ. ಎದ್ದರೆ ಅವಳೂ ಏಳುತ್ತಾಳೆಂದು ಕೈಸನ್ನೆ ಮಾಡಿದ. ವೇಷದವರು ಗೆಜ್ಜೆಯ ಸದ್ದಾಗದಂತೆ ಕಾಲು ಮಡಚಿ ನೆಲದ ಮೇಲೆ ಕೂತರು. ಮಾಸ್ತರರೂ ಕೂತರು.