ಕಾರು ತೊಳೆಯುವ ನೀರು

"ಇಡೇ ಕೆಳಗೆ! ತಂಬಿಗೆ ಇಡೇ ಮುಂಡೆ! ಆ ನೀರು ಕಾರಿಗೆ ಕಣೇ, ನಿನ್ ಮೈ ತೊಳ್ಯಕ್ಕಲ್ಲ!"

ಶಿವರಾಮಯ್ಯ ಹಿತ್ತಿಲ ಜಗಲಿಯಿಂದಲೇ ಕೂಗಿದ. ನಾನಿನ್ನೂ ತೊಟ್ಟಿ ಮುಟ್ಟಿರಲಿಲ್ಲ. ಪಕ್ಕದ ಕಲ್ಲಿನ ಮೇಲಿದ್ದ ತಂಬಿಗೆ ಎತ್ತಿದ್ದೆ ಅಷ್ಟೆ.

"ಎರಡೇ ತಂಬಿಗೆ ಸಾಮಿ. ಮೈಯೆಲ್ಲಾ ಗಾಜಿನ ಪುಡಿ. ಮನೇಲಿ ಹಾಲ್ ಕುಡಿಯೋ ಕೂಸೈತೆ."

"ಹೆರೋವಾಗ ನನ್ನ ಕೇಳಿದ್ದೇನೇ? ಹಟ್ಟಿಯೋಳು ಕೈ ಅದ್ದಿದ್ ನೀರ ನಮ್ಮನೆ ಹೆಂಗಸ್ರು ಮುಟ್ತಾರಾ? ನಡಿಯೇ!"

ತಂಬಿಗೆ ಇಟ್ಟು ಶೆಡ್ಡಿಗೆ ಹೋದೆ. ಹೋಗದೆ ಏನು ಮಾಡಲಿ?

ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಗುಬ್ಬಿ ರಸ್ತೆಯಲ್ಲಿ ಅವನ ಮನೆಯ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ಆ ಕಾರು ನಿಂತಿತ್ತು. ಕೆಳಗೆ ಹಳೇ ಜೀಪು, ಮೇಲೆ ಫೈಬರಿನ ಮೈ. ರಾಜರ ಕಾಲದ ಕಾರಿನ ಹಾಗೆ ಉದ್ದ ಮೂತಿ, ಮೇಲೆ ಚಾವಣಿಯಿಲ್ಲ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವುದು ಅವನ ಲೆಕ್ಕಾಚಾರ. ಮೊದಲು ಅದರಲ್ಲಿ ಕೂರುವ ಮದುಮಗ ಅವನ ಮಗನೇ.

ಅಚ್ಚಿನಿಂದ ಬಿಡಿಸಿದ ಫೈಬರಿಗೆ ಮೇಣ ಮೆತ್ತಿಕೊಂಡಿರುತ್ತದೆ. ಅದು ಹೋಗುವ ತನಕ ಸೋಪು ಹಾಕಿ ತೊಳೆಯಬೇಕು. ಎಮರಿ ಪೇಪರಿನಲ್ಲಿ ಉಜ್ಜಬೇಕು, ತೂತಿಗೆಲ್ಲ ಪುಟ್ಟಿ ತುಂಬಬೇಕು, ಮತ್ತೆ ಉಜ್ಜಬೇಕು, ಮತ್ತೆ ತೊಳೆಯಬೇಕು. ಫೈಬರ್ ಅಂದರೆ ಗಾಜಿನ ಎಳೆ, ಉಜ್ಜುವಾಗ ಏಳುವ ಪುಡಿ ಬರೀ ಗಾಜು. ಚರ್ಮದೊಳಕ್ಕೆ ಹೊಕ್ಕರೆ ಕೆರೆದಷ್ಟೂ ಉರಿ. ಉಜ್ಜುವ ನಮಗೆ ಸ್ನಾನವಿಲ್ಲ, ಆ ಫೈಬರಿನ ದೊರೆಗೆ ಮಾತ್ರ ಎರಡು ಹೊತ್ತೂ ಸೋಪಿನ ಸ್ನಾನ.

ತೊಟ್ಟಿಯಿಂದ ಮೊಗೆದು ನನ್ನ ಬಕೆಟ್ಟಿಗೆ ಮೇಲಿನಿಂದ ಸುರಿಯುತ್ತಿದ್ದವನು ಪೇಂಟರ್ ನಯಾಜ್ ಅಹಮದ್. ಅವನು ಮೊಗೆದರೆ ನಡೆಯುತ್ತದೆ, ನಾನು ಮೊಗೆದರೆ ಮೈಲಿಗೆ. ಆ ಬಕೆಟ್ಟಿನಿಂದ ಒಂದು ಬೊಗಸೆ ಮುಖಕ್ಕೆ ಹಾಕಿಕೊಂಡರೂ ಜಗಲಿಯಿಂದ ಬೈಗುಳ ಹಾರಿಬರುತ್ತಿತ್ತು.

ನಮ್ಮ ಕಾಲೋನಿಯ ನಲ್ಲಿಯಲ್ಲಿ ನೀರು ಬಂದು ವಾರವಾಗಿತ್ತು. ಅವತ್ತು ಸಂಜೆ ಬರಿಯ ಸೀರೆ ಬದಲಿಸಿ ಕೂಸನ್ನು ಎತ್ತಿಕೊಂಡೆ. ಮೊಲೆಗೆ ಬಾಯಿ ಹಾಕಿದ್ದೇ ತಡ, ಕಿಟಾರನೆ ಕಿರುಚಿತು. ಕೆನ್ನೆ ಮೇಲೆಲ್ಲ ಕೆಂಪು ದದ್ದು. ಅತ್ತೆ ನಿಂಗಮ್ಮ ಓಡಿ ಬಂದು ಕಿತ್ತುಕೊಂಡಳು.

"ಮುಟ್ಬ್ಯಾಡ ಬುಡವ್ವ. ನಿನ್ ಮೈ ಮೈಯಲ್ಲ, ಕಳ್ಳಿಗಿಡ ಆಗೈತೆ."

ಕೂಸಿಗೆ ಸಕ್ಕರೆ ನೀರು ಕುಡಿಸಿದಳು. ನಾನು ಮೂಲೆಯಲ್ಲಿ ಕೂತು ಎದೆಹಾಲನ್ನು ಹಳೇ ಬಟ್ಟೆಗೆ ಹಿಂಡಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಆ ಕಾರಿಗೆ ಬೆಂಕಿ ಬೀಳಲಿ ಎಂದೆ.

"ಬಡವನ ಸಿಟ್ಟು ದವಡೆಗೆ ಮೂಲ, ಸುಮ್ಕಿರು," ಎಂದಳು ಅತ್ತೆ. ಬೆಳಿಗ್ಗೆ ಹೊರಡುವಾಗ ಅವಳೇ ನನ್ನ ಎರಡೂ ಕೈಗೆ ಕೊಬ್ಬರಿ ಎಣ್ಣೆ ಬಳಿದಳು. ಉರಿ ಸ್ವಲ್ಪ ತಗ್ಗಿತು.

ಅವತ್ತು ಬಣ್ಣಕ್ಕೆ ಮುಂಚಿನ ಪ್ರೈಮರ್ ಹೊಡೆಯುವ ದಿನ. ನಯಾಜಣ್ಣ ಜಿಡ್ಡು ತೆಗೆಯುವ ಥಿನ್ನರಿನಲ್ಲಿ ಬಟ್ಟೆ ಅದ್ದಿ ಕಾರಿನ ಮೈಯನ್ನೆಲ್ಲ ಒರೆಸಿ ಮುಗಿಸಿದ್ದ. ಬಣ್ಣ ಚಿಮ್ಮಿಸುವ ಕಂಪ್ರೆಸರ್ ಗುರುಗುಟ್ಟುತ್ತಿತ್ತು. ಶಿವರಾಮಯ್ಯ ಮಡಿ ಪಂಚೆ ಉಟ್ಟು, ಕಾರಿಗೆ ಕಾಯಿ ಒಡೆದು ಮಂಗಳಾರತಿ ಎತ್ತಿದ. ಅಷ್ಟು ಹೊತ್ತೂ ನನ್ನನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿದ್ದ. ಪೂಜೆ ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ಒಂದು ಕಡೆ ಪುಟ್ಟಿ ತರಿತರಿ ಇದ್ದದ್ದು ಅವನ ಕಣ್ಣಿಗೆ ಬಿತ್ತು.

"ಬಾರೇ ಇಲ್ಲಿ. ಇದನ್ ಯಾವಳೇ ಉಜ್ಜೋಳು, ನಿಮ್ಮವ್ವನಾ?"

ಎಮರಿ ಪೇಪರ್ ಹಿಡಿದು ಹೋದೆ. ನಯಾಜಣ್ಣ ನನ್ನ ಕೈ ನೋಡಿ ಗಾಬರಿಯಾದ.

"ಮಾರಮ್ಮಾ, ಎಣ್ಣೆ ಹಚ್ಕೊಂಡಿದೀಯಲ್ಲವ್ವ! ಎಣ್ಣೆ ಸೋಕಿದ್ರೆ ಪ್ರೈಮರ್ ಹಿಡಿಯಲ್ಲ. ಕೈ ತೊಳ್ಕೊಂಡ್ ಬಾ."

"ಹಾಳ್ ಮಾಡಕ್ಕೇ ಬಂದಿದೀಯೇನೇ ಬೋಳಿ?" ಶಿವರಾಮಯ್ಯ ಹಲ್ಲು ಕಡಿದ. "ತೊಳ್ಕೊಂಡ್ ಬಾರೇ!"

"ನೀರ್ ಕೊಡಿ ಸಾಮಿ."

ನಯಾಜಣ್ಣ ತಂಬಿಗೆಗೆ ಕೈ ಹಾಕಿದ. "ನಾನ್ ಹಾಕ್ತೀನಿ ಬಾ ತಂಗಿ."

"ಇಡ್ಲಾ ಸಾಬಿ! ಪೂಜೆ ದಿನ ಇವಳ್ಗೆ ನಮ್ ತೊಟ್ಟಿ ನೀರಾ?" ಎನ್ನುತ್ತಾ ಶಿವರಾಮಯ್ಯ ಥಿನ್ನರಿನಲ್ಲಿ ತೊಯ್ದ ಬಟ್ಟೆಯನ್ನು ಎತ್ತಿ ನನ್ನ ಮೇಲೆ ಎಸೆದ. "ಇದ್ರಲ್ಲಿ ಒರೆಸ್ಕೊ."

ಕೆರೆದು ಕೆರೆದು ಹುಣ್ಣಾಗಿದ್ದ ಮೊಣಕೈ ಮೇಲೆ ಅದು ಬಿತ್ತು. ಉರಿ ನೆತ್ತಿಗೇರಿತು. ನಾನು ಕಿರುಚಿದ್ದಕ್ಕೆ ಅವನು ನಕ್ಕ.

ಬಟ್ಟೆಯನ್ನು ಕಿತ್ತು ಬಿಸಾಡಿದೆ. ಕಾರಿನ ಮುಂದೆ ಹೋಗಿ ಎರಡೂ ಅಂಗೈಗಳನ್ನು ಅದರ ಮೂತಿಯ ಮೇಲೆ ಊರಿದೆ. ಊರಿ ಎಳೆದೆ. ಮೂತಿಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿಂಬದಿಗೆ. ಎಣ್ಣೆ ಸಾಲದ ಕಡೆ ಮೊಣಕೈಯನ್ನೂ ಉಜ್ಜಿದೆ. ಆ ಮೈಯ ಉಬ್ಬುತಗ್ಗೆಲ್ಲ ನನಗೆ ಬಾಯಿಪಾಠವಾಗಿತ್ತು.

"ಅಯ್ಯಯ್ಯೋ! ಲೇ! ಹಿಡ್ಕಳ್ಳೋ ಅವಳ್ನ!"

ನಯಾಜಣ್ಣ ಕದಲಲಿಲ್ಲ. ಕೈ ಚಾಚಿ ಕಂಪ್ರೆಸರ್ ಆಫ್ ಮಾಡಿದ.

"ಇನ್ನೊಂದ್ಸಾರಿ ಸ್ನಾನ ಮಾಡ್ಸಿ ನಿಮ್ ಕಾರಿಗೆ," ಎಂದು ನಾನು ನೇರ ತೊಟ್ಟಿಗೆ ಹೋದೆ. ತೋಳಿನ ಬುಡದ ತನಕ ಎರಡೂ ಕೈ ಅದ್ದಿದೆ. ತಣ್ಣಗಿತ್ತು. ನೀರಿನ ಮೇಲೆ ಎಣ್ಣೆ ಹರಡಿತು. ಅದರೊಳಗೆ ಗಾಜಿನ ಪುಡಿ ಬಿಸಿಲಿಗೆ ಮಿಣಮಿಣ ಎಂದಿತು. ತಂಬಿಗೆ ತಗೊಂಡು ತಲೆ ಮೇಲೆ ಸುರಿದುಕೊಂಡೆ.

ಶಿವರಾಮಯ್ಯ ಕೈ ಎತ್ತಿಕೊಂಡು ಓಡಿ ಬಂದ. ನನ್ನ ಕೂದಲಿನಿಂದ ನೀರು ಸಿಡಿಯುತ್ತಿತ್ತು. ಒಂದು ಹನಿ ಅವನ ಪಾದದ ಹತ್ತಿರ ಬಿತ್ತು. ಮಡಿ ಪಂಚೆಯನ್ನು ಮಂಡಿ ತನಕ ಎತ್ತಿ ಹಿಡಿದು ಹಿಂದಕ್ಕೆ ಸರಿದ.

"ಹೊಡೀರಿ ಸಾಮಿ," ಎಂದೆ. "ಮುಟ್ಟಿ ಹೊಡೀರಿ."

ಅವನ ಕೈ ಹಾಗೇ ಮೇಲೆ ನಿಂತಿತ್ತು. ನಾನು ಇನ್ನೊಂದು ತಂಬಿಗೆ ಮೊಗೆದು ಎದೆಗೆ ಹಾಕಿಕೊಂಡು ತಿಕ್ಕಿದೆ. ಕೂಸಿಗೆ ಹಾಲು ಕೊಡುವ ಹೊತ್ತಾಗಿತ್ತು.