ತವರಿಗೆ ಹೋಗದ ಹಣ್ಣು

೧೯೭೩ನೆಯ ಇಸವಿ ಜನವರಿ ಒಂದನೆಯ ತಾರೀಖು, ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಲಂಡನ್ನಿನಲ್ಲಿ ಆಗ ಸರಿಯಾಗಿ ಮಧ್ಯರಾತ್ರಿ. ಅಲ್ಲಿ ಬ್ರಿಟನ್ ದೇಶ ಯುರೋಪಿನವರ ಸಾಮಾನ್ಯ ಮಾರುಕಟ್ಟೆಯೊಳಗೆ ಕಾಲಿಟ್ಟ ಹೊತ್ತಿಗೆ, ಟಾಸ್ಮೇನಿಯಾದ ಹ್ಯೂಆನ್ ಕಣಿವೆಯಲ್ಲಿ ವೆರ್ಡನ್ ಟ್ಯಾಟ್ನೆಲ್ ಏಣಿಯ ಮೇಲೆ ನಿಂತು ಸೇಬಿನ ಗೊಂಚಲುಗಳಿಂದ ಹೆಚ್ಚಿನ ಕಾಯಿಗಳನ್ನು ಚಿವುಟಿ ಕೆಳಗೆ ಹಾಕುತ್ತಿದ್ದ. ಒಂದು ಗೊಂಚಲಿಗೆ ಒಂದೋ ಎರಡೋ ಉಳಿಸಿದರೆ, ಉಳಿದದ್ದು ದುಂಡಗೆ ಬೆಳೆಯುತ್ತದೆ. ಅವಸರದ ಕೆಲಸವಲ್ಲ ಅದು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಪ್ರತಿ ಸಲವೂ ನೋಡಿ ತೀರ್ಮಾನಿಸಬೇಕು.

ಪ್ಯಾಕಿಂಗ್ ಶೆಡ್ಡಿನಲ್ಲಿ ರೇಡಿಯೋ ಕೇಳುತ್ತಿದ್ದ ತಮ್ಮ ಕ್ಲೆಮ್ ಸಾಲುಗಳ ನಡುವೆ ನಡೆದು ಬಂದ.

"ಮುಗೀತು ಮಾರಾಯ. ಸೇರ್ಕೊಂಡ್ರಂತೆ."

"ಹೂಂ. ಏಣಿ ಹಿಡ್ಕೋ."

"ಅಷ್ಟೇನಾ? ಇಡೀ ಕಣಿವೆ ಹೊಟ್ಟೆ ಮೇಲೆ ಹೊಡೆದಿದ್ದಾರೆ, ಇವನಿಗೆ ಏಣಿಯಂತೆ."

"ಅಲ್ಲಿ ಸೇರ್ಕೊಂಡ್ರು ಅಂತ ಇಲ್ಲಿ ನಾನು ಬೀಳಬೇಕಾ? ಹಿಡ್ಕೋ ಅಂದ್ನಲ್ಲ."

ಕ್ಲೆಮ್ ಏಣಿ ಹಿಡಿದ. "ಇನ್ನು ಫ್ರಾನ್ಸಿನ ಸೇಬಿಗೆ ಸುಂಕ ಇಲ್ಲ, ನಮ್ಮದಕ್ಕೆ ಸುಂಕ. ನಿನ್ನ ಹೆಸರೇ ಫ್ರೆಂಚ್ ಊರಿಂದಲ್ವಾ? ನೀನೇ ಹೋಗಿ ಅವರ ಹತ್ರ ಮಾತಾಡ್ಕೊಂಡು ಬಾ" ಎಂದ.

ವೆರ್ಡನ್ ನಕ್ಕ. ಅವನು ಹುಟ್ಟಿದ ವರ್ಷ ಫ್ರಾನ್ಸಿನ ಆ ಊರಿನಲ್ಲಿ ಯುದ್ಧ ನಡೆಯುತ್ತಿತ್ತು. ದೋಣಿ ಹತ್ತಿ ರಾಜಧಾನಿ ಹೋಬಾರ್ಟಿಗೆ ಹೋಗಿ ಬರುವುದನ್ನೇ ದೊಡ್ಡ ಪ್ರಯಾಣವೆಂದುಕೊಂಡಿದ್ದ ಅವನ ತಾಯಿ ಏಡಾ, ಪತ್ರಿಕೆಯಲ್ಲಿ ದಿನಾ ಕಂಡ ಹೆಸರನ್ನು ಮಗನಿಗೆ ಇಟ್ಟುಬಿಟ್ಟಿದ್ದಳು. ಎಲ್ಲೋ ಹಾರಿದ ಗುಂಡಿನ ಸದ್ದು ಅಂದಿನಿಂದಲೇ ಅವನ ಬೆನ್ನಿಗೆ ಅಂಟಿಕೊಂಡಿತ್ತು ಎನ್ನಬೇಕು.

ಆ ಕಣಿವೆಯಲ್ಲಿ ಇಂಗ್ಲೆಂಡನ್ನು ಯಾರೂ ಇಂಗ್ಲೆಂಡ್ ಎನ್ನುತ್ತಿರಲಿಲ್ಲ. ತವರು ಎನ್ನುತ್ತಿದ್ದರು. ಅಜ್ಜನ ಕಾಲಕ್ಕೇ ಬಿಟ್ಟು ಬಂದವರು, ಅದನ್ನು ಕಣ್ಣಾರೆ ಕಾಣದೆ ಸತ್ತವರು, ಎಲ್ಲರಿಗೂ ಅದು ತವರೇ. "ಹಡಗು ತವರಿಗೆ ಹೊರಟಿತಾ?" "ತವರಲ್ಲಿ ಈ ಸಲ ಒಳ್ಳೆ ಬೆಲೆಯಂತೆ." ಹಣ್ಣುಗಳಲ್ಲಿ ಉತ್ತಮವಾದದ್ದೆಲ್ಲ ಅಲ್ಲಿಗೇ ಹೋಗಬೇಕು. ಕಲೆ ಬಿದ್ದದ್ದು, ಸೊಟ್ಟಗಾದದ್ದು, ಹಕ್ಕಿ ಕುಕ್ಕಿದ್ದು ಮನೆಯವರಿಗೆ. ಮೊದಲ ದರ್ಜೆಯ ಹಣ್ಣನ್ನು ಬೆಳೆದವನೇ ಕಚ್ಚಿದರೆ ಅದು ಕಳ್ಳತನಕ್ಕೆ ಸಮ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಯಾರೂ ಮೀರಿರಲೂ ಇಲ್ಲ.

ಸುಂಕ ಬರುವ ಮೊದಲೇ ಪೆಟ್ಟುಗಳು ಬೀಳುತ್ತ ಬಂದಿದ್ದವು. ಅಲ್ಲಿ ಪೌಂಡಿನ ಬೆಲೆ ಇಳಿದಿತ್ತು, ಇಲ್ಲಿ ಹೊಸ ಸರ್ಕಾರ ಡಾಲರಿನ ಬೆಲೆ ಏರಿಸಿತ್ತು. ಅಲ್ಲಿ ಮಾರಿದ ಅದೇ ಪೆಟ್ಟಿಗೆಯ ಹಣ ಇಲ್ಲಿಗೆ ಬರುವಷ್ಟರಲ್ಲಿ ಸಣ್ಣದಾಗುತ್ತಿತ್ತು. ಹಡಗಿನ ಬಾಡಿಗೆಯಂತೂ ಇಳಿದದ್ದೇ ಇಲ್ಲ. ಆಗ ಸರ್ಕಾರವೇ ಒಂದು ಯೋಜನೆ ತಂದಿತು. ತೋಟ ಕಿತ್ತು ಸುಟ್ಟರೆ ಎಕರೆಗೆ ಇಷ್ಟೆಂದು ಪರಿಹಾರ. ಟ್ಯಾಟ್ನೆಲ್ ತೋಟಕ್ಕೆ ವಿಧಿಸಿದ ಷರತ್ತು ಒಂದೇ: ಆಗಸ್ಟಿನಲ್ಲಿ ಚಳಿಗಾಲ ಮುಗಿಯುವುದರೊಳಗೆ ಇಡೀ ತೋಟ ಹೋಗಬೇಕು, ಒಂದು ಮರವೂ ಉಳಿಯಕೂಡದು.

ಶೆಡ್ಡು, ಔಷಧಿ ಹೊಡೆಯುವ ಯಂತ್ರ, ಟ್ರ್ಯಾಕ್ಟರು ಎಲ್ಲವೂ ಅಣ್ಣತಮ್ಮಂದಿರಿಗೆ ಜಂಟಿ. ಒಬ್ಬ ಬಿಟ್ಟರೆ ಇನ್ನೊಬ್ಬ ನಡೆಸುವಂತಿಲ್ಲ. ಕ್ಲೆಮ್ ರುಜು ಹಾಕಿದ. ವೆರ್ಡನ್ ಒಂದು ವಾರ ಸತಾಯಿಸಿ ತಾನೂ ಹಾಕಿದ. ಕೇಳಿಕೊಂಡದ್ದು ಒಂದೇ: ಹೊಳೆಯ ಕಡೆಯ ಸ್ಟರ್ಮರ್ ಸೇಬಿನ ತುಂಡು ತೋಟವನ್ನು ಎಲ್ಲಕ್ಕಿಂತ ಕೊನೆಗೆ ಕೀಳಬೇಕು, ಅದರ ಫಸಲು ಒಮ್ಮೆ ಹಡಗು ಹತ್ತಬೇಕು.

ಆ ತುಂಡಿಗೆ ಒಂದು ಕತೆಯಿತ್ತು. ೧೯೬೭ರ ಫೆಬ್ರವರಿಯ ಕಾಡ್ಗಿಚ್ಚು ಬೆಟ್ಟವಿಳಿದು ಬಂದಾಗ ಅಲ್ಲಿನ ಮರಗಳ ನೆತ್ತಿಯೆಲ್ಲ ಸುಟ್ಟುಹೋಗಿತ್ತು. ಬುಡದಲ್ಲಿ ಜೀವವಿತ್ತು. ಲಂಡನ್ನಿನ ದಲ್ಲಾಳಿ ಅದೇ ವರ್ಷ, ತಡವಾಗಿ ಮಾಗಿ ಬಹುಕಾಲ ಕೆಡದೆ ನಿಲ್ಲುವ ಸ್ಟರ್ಮರ್ ಜಾತಿಯೇ ಬೇಕು, ಎಷ್ಟಾದರೂ ಕಳಿಸಿ ಎಂದು ಹೇಳಿ ಕಳಿಸಿದ್ದ. ವೆರ್ಡನ್ ಸುಟ್ಟ ಕಾಂಡಗಳನ್ನು ಅಡ್ಡಲಾಗಿ ಕೊಯ್ದು ಒಂದೊಂದಕ್ಕೂ ಸ್ಟರ್ಮರ್ ಕಡ್ಡಿ ಕಸಿ ಕಟ್ಟಿದ. ಹೆಂಡತಿ ಕೀತಾ ಕಸಿಯ ಬಾಯಿಗೆ ಬಳಿಯುವ ಮೇಣದ ಡಬ್ಬಿ ಹಿಡಿದು ಮರದಿಂದ ಮರಕ್ಕೆ ಅವನ ಹಿಂದೆ ನಡೆದಳು. ಕಸಿ ಕೂತು, ಕೊಂಬೆಯಾಗಿ, ಮರ ಪೂರ್ತಿ ಫಲ ಹೊರುವುದಕ್ಕೆ ವರ್ಷಗಳು ಬೇಕು. ಪೂರ್ತಿ ಹೊತ್ತದ್ದು ಈ ವರ್ಷವೇ.

ಕೀತಾ ಹುಡುಗಿಯಾಗಿದ್ದಾಗಿನಿಂದ ಸೇಬು ಸುತ್ತುತ್ತ ಬಂದವಳು. ಎಡಗೈಯಲ್ಲಿ ಕಾಗದ, ಬಲಗೈಯಲ್ಲಿ ಹಣ್ಣು, ಒಂದು ತಿರುವು, ಪೆಟ್ಟಿಗೆಯೊಳಗೆ. ಕಣ್ಣು ಬೇರೆಲ್ಲೋ ಇದ್ದರೂ ಕೈ ತಪ್ಪುತ್ತಿರಲಿಲ್ಲ. ಈ ಫಸಲಿಗೆಂದೇ ಹಿಂದಿನ ವರ್ಷ ಅವಳು ಹಸಿರು ಕಾಗದ ಅಚ್ಚು ಹಾಕಿಸಿದ್ದಳು, ನಡುವೆ ಟ್ಯಾಟ್ನೆಲ್ ಎಂಬ ಹೆಸರು. ಅದರ ಕಟ್ಟುಗಳು ಶೆಡ್ಡಿನ ಮೂಲೆಯಲ್ಲಿ ಬಿಚ್ಚದೆ ಕೂತಿದ್ದವು.

ಏಪ್ರಿಲ್ ಮೊದಲ ವಾರ ಹಡಗು ಕಂಪನಿಯಿಂದ ಸುದ್ದಿ ಬಂತು. ಸಾಕಷ್ಟು ಸರಕಿಲ್ಲದ ಕಾರಣ ಮೇ ತಿಂಗಳ ಹಡಗು ರದ್ದು. ಈ ಋತುವಿನ ಕೊನೆಯ ಹಡಗು ಏಪ್ರಿಲ್ ನಡುವಿನಲ್ಲೇ ಹೊರಡುತ್ತದೆ.

ವೆರ್ಡನ್ ಜೇಬಿನಿಂದ ಹಿತ್ತಾಳೆಯ ಒತ್ತುಗೋಲು ತೆಗೆದುಕೊಂಡು ಸ್ಟರ್ಮರ್ ತುಂಡಿಗೆ ಹೋದ. ಬೆರಳುದ್ದದ ತುದಿ, ಒಳಗೆ ಸ್ಪ್ರಿಂಗು, ಪಕ್ಕದಲ್ಲಿ ಅಂಕಿ. ಹಣ್ಣಿನ ಸಿಪ್ಪೆಯನ್ನು ಕಾಸಿನಗಲ ಕೆತ್ತಿ ಅಲ್ಲಿ ತುದಿಯನ್ನು ಒತ್ತಬೇಕು. ತಿರುಳು ಎಷ್ಟು ಪೌಂಡಿನ ಒತ್ತಡಕ್ಕೆ ಸೋಲುತ್ತದೆ ಎಂಬುದನ್ನು ಅಂಕಿ ಹೇಳುತ್ತದೆ. ಇಪ್ಪತ್ತು ದಾಟಿದರೆ ಅದಿನ್ನೂ ಕಾಯಿ. ಕಿತ್ತರೆ ದಾರಿಯಲ್ಲೇ ಸುಕ್ಕುಗಟ್ಟುತ್ತದೆ, ಸಿಪ್ಪೆ ಕಂದುತ್ತದೆ. ಹದಿನೇಳರ ಕೆಳಗಿಳಿದರೆ ಹಿಟ್ಟುಹಿಟ್ಟು. ಹದಿನೆಂಟಕ್ಕೆ ಕಿತ್ತರೆ ಹೊತ್ತಿಗೆ ಸರಿ: ಕಡಲು ದಾಟಿ, ಲಂಡನ್ನಿನ ಬೇಸಗೆಯಲ್ಲಿ ಯಾರದೋ ಮೇಜಿನ ಮೇಲೂ ಕಟುಂ ಎನ್ನುತ್ತದೆ.

ಅವನು ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಮರ ಆರಿಸಿ ಒತ್ತಿ ನೋಡಿದ. ಎಲ್ಲಿ ನೋಡಿದರೂ ಇಪ್ಪತ್ತೆರಡರ ಆಸುಪಾಸು.

ಶೆಡ್ಡಿನಲ್ಲಿ ಕ್ಲೆಮ್ ಕಾಯುತ್ತಿದ್ದ. ಕೀತಾ ಮೇಜು ಒರೆಸುತ್ತಿದ್ದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಏಡಾ, ಮೊಣಕಾಲ ಮೇಲೆ ಕಂಬಳಿ.

"ಕಾಯಿ" ಎಂದ ವೆರ್ಡನ್. "ಇನ್ನೊಂದು ತಿಂಗಳು ಬೇಕು."

"ಹಡಗು ಒಂದು ತಿಂಗಳು ಕಾಯತ್ತಾ?" ಎಂದ ಕ್ಲೆಮ್. "ಕಿತ್ತು ಕಳಿಸು ಮಾರಾಯ. ಎಲ್ಲರೂ ಕೀಳ್ತಿದ್ದಾರೆ. ನೋಡೋಕೆ ಹಸಿರಾಗೇ ಇರತ್ತಲ್ಲ ಈ ಜಾತಿ, ಯಾರಿಗೆ ಗೊತ್ತಾಗತ್ತೆ?"

"ತಿಂದವನಿಗೆ ಗೊತ್ತಾಗತ್ತೆ."

"ತಿಂದವನು ಇಲ್ಲಿಗೆ ಬಂದು ನಿನ್ನ ಕುತ್ತಿಗೆ ಹಿಡೀತಾನಾ? ಮುಂದಿನ ವರ್ಷ ನಮಗೆ ತೋಟಾನೇ ಇಲ್ಲ!"

"ಅದಕ್ಕೇ" ಎಂದ ವೆರ್ಡನ್. "ಕೊನೇ ಸಲ ಸುಕ್ಕಿದ್ದನ್ನ ಕಳಿಸಿ, ಇವರನ್ನ ಕೈಬಿಟ್ಟದ್ದೇ ಒಳ್ಳೇದಾಯ್ತು ಅಂತ ಅನ್ನಿಸ್ಕೋಬೇಕಾ?"

ಕೀತಾ ಒರೆಸುವುದನ್ನು ನಿಲ್ಲಿಸಿದಳು. "ಯಾರು ಅನ್ನೋದು ವೆರ್ಡನ್? ಅಲ್ಲಿ ನೀನು ಯಾರು ಅಂತ ಯಾರಿಗೆ ಗೊತ್ತು?"

"ಹೆಸರು ಕಾಗದದ ಮೇಲೆ ಇದೆಯಲ್ಲ."

"ಇದೆ. ನಾನೇ ಹಾಕ್ಸಿದ್ದು. ಆ ಕಾಗದ ಹಡಗು ಹತ್ತಬೇಕು ಅಂತ ಹಾಕ್ಸಿದ್ದು. ಮೂಲೇಲಿ ಇಲಿ ಕಡೀಲಿ ಅಂತ ಅಲ್ಲ." ಅವಳ ದನಿ ಏರಲಿಲ್ಲ. "ಮೇಣದ ಡಬ್ಬಿ ಹಿಡಿದು ನಿನ್ನ ಹಿಂದೆ ನಡೆದೋಳು ನಾನು. ಒಂದು ಸಲ, ಒಂದೇ ಒಂದು ಸಲ ಅದು ಹೋಗೋದನ್ನ ನೋಡ್ಬೇಕು ನಂಗೆ. ಚೆನ್ನಾಗಿ ಹೋಗ್ಲಿ, ಕೆಟ್ಟದಾಗಿ ಹೋಗ್ಲಿ."

ವೆರ್ಡನ್‌ ತಾಯಿಯ ಕಡೆ ತಿರುಗಿದ.

"ನನ್ನನ್ಯಾಕೆ ನೋಡ್ತೀಯ?" ಎಂದಳು ಏಡಾ. "ತವರಿಗೆ ಹೋಗೋಳು ಹಸಿಕಾಯಿ ಕಟ್ಕೊಂಡು ಹೋಗಲ್ಲ. ಆದ್ರೆ ಅವರು ಬಾಗಿಲು ಹಾಕ್ಕೊಂಡಾಯ್ತಲ್ಲ. ಹಣ್ಣು ತಗೊಂಡು ಹೋದ್ರೂ ಅಂಗಳದಲ್ಲೇ, ಕಾಯಿ ತಗೊಂಡು ಹೋದ್ರೂ ಅಂಗಳದಲ್ಲೇ. ನಿನ್ನ ಹೆಂಡ್ತಿ ಮಾತು ಕೇಳು."

ಅವನು ಕೇಳಲಿಲ್ಲ. ಕೀಳುವುದಿಲ್ಲ ಎಂದ. ಹಾಗೆಂದು ಹೊರಗೆ ಹೋದವನು ಹೊತ್ತು ಮುಳುಗುವವರೆಗೆ ಬೇಲಿ ರಿಪೇರಿ ಮಾಡಿದ. ಕಿತ್ತು ಹಾಕಲಿರುವ ತೋಟದ ಬೇಲಿ.

ಹಡಗು ಹೊರಟ ದಿನ ಕೀತಾ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ನದಿಯ ತಿರುವಿನಲ್ಲಿ ಸೈರನ್ ಕೂಗಿತು. ವೆರ್ಡನ್ ಕಿಟಕಿಯಿಂದ ನೋಡಿದ. ಅವಳು ಒದ್ದೆ ಬೆಡ್‌ಶೀಟಿನ ಅಂಚು ಹಿಡಿದು ನಿಂತೇ ಇದ್ದಳು. ಹಡಗಿನ ಹೊಗೆ ಗುಡ್ಡದ ಹಿಂದೆ ಕರಗುವವರೆಗೂ ಆ ಬಟ್ಟೆ ತಂತಿಯ ಮೇಲೆ ಬೀಳಲಿಲ್ಲ. ಆಮೇಲೆ ಬಹಳ ದಿನ ಆ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟು ಮಾತ್ರ ಮಾತು.

ಮೇ ತಿಂಗಳ ನಡುವಿಗೆ ಸ್ಟರ್ಮರ್ ಮಾಗಿತು. ಮೇಲಿನ ಇಳಿಜಾರಿನಲ್ಲಿ ಆಗಲೇ ಬುಲ್‌ಡೋಜರು ಕೆಲಸ ಶುರುಮಾಡಿತ್ತು. ಸರಪಣಿ ಬಿಗಿದು ಎಳೆದರೆ ಮರ ಮೊದಲು ಒಂದು ಕಡೆ ವಾಲುತ್ತಿತ್ತು, ಬೇರುಗಳು ಒಂದೊಂದಾಗಿ ಲಟಲಟ ಎಂದು ಕಡಿಯುತ್ತಿದ್ದವು, ಕೊನೆಗೆ ಮಣ್ಣಿನ ಮುದ್ದೆ ಹೊತ್ತುಕೊಂಡೇ ಮಗುಚುತ್ತಿತ್ತು. ಕಣಿವೆಯ ತುಂಬ ಸೇಬಿನ ಸೌದೆಯ ಹೊಗೆ. ಸಿಹಿ ಹೊಗೆ ಅದು, ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ರಸದ ಕಾರ್ಖಾನೆಯವರು ಗೇಟಿಗೆ ಬೀಗ ಹಾಕಿ, ಇನ್ನು ಹಣ್ಣು ಬೇಡ ಎಂದು ಹಲಗೆ ನೇತುಹಾಕಿದ್ದರು. ಜನ ಹಸುಗಳಿಗೆ ಸುರಿಯುತ್ತಿದ್ದರು. ಹಸುಗಳಿಗೂ ಸಾಕಾಗಿತ್ತು.

ಒಂದು ಬೆಳಗ್ಗೆ ಕ್ಲೆಮ್ ಬಂದು ಟೋಪಿ ತೆಗೆದ. "ನಾಳೆ ಹೊಳೆ ಕಡೇದು" ಎಂದ. ಈ ಸಲ ಗೇಲಿ ಮಾಡಲಿಲ್ಲ.

ವೆರ್ಡನ್ ಕೀಳುವ ಚೀಲ ಕುತ್ತಿಗೆಗೆ ಹಾಕಿಕೊಂಡು ಸ್ಟರ್ಮರ್ ತುಂಡಿಗೆ ಹೋದ. ಯಾರಿಗೆಂದು, ಎಲ್ಲಿಗೆಂದು ಅವನಿಗೇ ತಿಳಿಯದು. ಕೈ ಸುಮ್ಮನಿರಲಾರದೆ ಕೀಳತೊಡಗಿದ. ಮೊದಲ ಮರ ಮುಗಿಯುವಷ್ಟರಲ್ಲಿ ಪಕ್ಕದ ಮರಕ್ಕೆ ಏಣಿ ಒರಗಿಸಿದ ಸದ್ದಾಯಿತು. ಕೀತಾ. ಅವಳೂ ಚೀಲ ಹಾಕಿಕೊಂಡು ಬಂದಿದ್ದಳು. ತೊಟ್ಟು ಮುರಿಯದಂತೆ ಮೇಲಕ್ಕೆ ತಿರುವಿ, ಒಂದೊಂದಾಗಿ, ಲಂಡನ್ನಿಗೆ ಕಿತ್ತ ಹಾಗೆಯೇ ಕಿತ್ತರು.

ಮಧ್ಯಾಹ್ನ ಶೆಡ್ಡಿನಲ್ಲಿ ಅವಳು ಹಸಿರು ಕಾಗದದ ಕಟ್ಟು ಬಿಚ್ಚಿದಳು. ಹಣ್ಣು ಆರಿಸಿದಳು, ಸುತ್ತಿದಳು, ಪೆಟ್ಟಿಗೆಯಲ್ಲಿ ಓರೆ ಸಾಲಿನಲ್ಲಿ ಕೂರಿಸಿದಳು. ವೆರ್ಡನ್ ಮುಚ್ಚಳಕ್ಕೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ.

"ತಾಳು" ಎಂದಳು ಕೀತಾ. ಕಟ್ಟಿದ ಪೆಟ್ಟಿಗೆಯಿಂದ ಒಂದು ಹಣ್ಣು ತೆಗೆದು, ಕಾಗದ ಬಿಚ್ಚಿ, ಚಾಕುವಿನಿಂದ ತೆಳ್ಳಗೆ ಹೋಳು ಮಾಡಿ ಬಾಗಿಲ ಹತ್ತಿರ ಕೂತಿದ್ದ ಅತ್ತೆಯ ಕೈಗೆ ಕೊಟ್ಟಳು.

"ಇದು ಮೊದಲನೇ ದರ್ಜೇದಲ್ವೇನೇ?" ಎಂದಳು ಏಡಾ, ಹೋಳನ್ನು ದೂರ ಹಿಡಿದು.

"ಹೂಂ ಅತ್ತೆ."

"ಕಟ್ಟು ಹಲ್ಲು ಕಣೇ ನಂದು, ಹಾಳುಮಾಡ್ಬಿಟ್ಟೀಯ." ಎಂದರೂ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಎಂಬತ್ತು ದಾಟಿದ ಆ ಮುಖದಲ್ಲಿ ಮೊದಲು ಅನುಮಾನ ಬಂತು, ಆಮೇಲೆ ಏನೋ ಒಂದು ಸಿಟ್ಟು.

"ಇದನ್ನೇನಾ ಇಷ್ಟು ವರ್ಷ ಅವರು ತಿಂತಿದ್ದದ್ದು?" ಎಂದಳು.

ಅವಳು ಇನ್ನೊಂದು ಹೋಳಿಗೆ ಕೈಚಾಚಿದಳು.

ಮರುದಿನ ಬೆಳಗ್ಗೆ ಹೊಳೆಯ ಕಡೆಯಿಂದ ಸರಪಣಿಯ ಸದ್ದು ಶುರುವಾಯಿತು. ಬೆಂಕಿಗೆ ಬಗ್ಗದ ಬೇರುಗಳು ಎಳೆತಕ್ಕೆ ಬಗ್ಗಿದವು. ವೆರ್ಡನ್ ಕೊನೆಯವರೆಗೂ ಅಲ್ಲೇ ನಿಂತಿದ್ದ. ಮಗುಚಿದ ಮರವೊಂದರ ಬುಡದಲ್ಲಿ ಕಸಿಯ ಗಂಟು ಮೇಲಕ್ಕೆ ಮುಖಮಾಡಿತ್ತು. ಹಳೆಯ ಸುಟ್ಟ ತೊಗಟೆ ಕೆಳಗೆ, ಅವನು ಕಟ್ಟಿದ ಹೊಸ ಮರ ಮೇಲೆ, ನಡುವೆ ವಾಸಿಯಾದ ಗಾಯದಂಥ ಉಂಗುರ. ಅದರ ಮೇಲೆ ಅಂಗೈ ಇಟ್ಟ. ತೊಗಟೆ ತಣ್ಣಗಿತ್ತು.

ಕೀತಾ ಬಂದು ಪಕ್ಕದಲ್ಲಿ ನಿಂತಳು. ತುದಿಯ ಕೊಂಬೆಯಲ್ಲಿ ನಿನ್ನೆ ಕಣ್ತಪ್ಪಿದ ಒಂದು ಹಣ್ಣು ಇನ್ನೂ ತೊಟ್ಟಿಗೆ ಅಂಟಿಕೊಂಡಿತ್ತು. ಅವಳು ಅದನ್ನು ತಿರುವಿ ಕಿತ್ತು ಅವನಿಗೆ ಕೊಟ್ಟಳು.

"ನೋಡು" ಎಂದಳು.

ಅವನು ಚಾಕು ತೆಗೆದು ಸಿಪ್ಪೆಯನ್ನು ಕಾಸಿನಗಲ ಕೆತ್ತಿದ. ಜೇಬಿನಿಂದ ಒತ್ತುಗೋಲು ತೆಗೆದು ತುದಿಯನ್ನು ತಿರುಳಿಗೆ ಆನಿಸಿದ. ಕೀತಾ ತನ್ನ ಎರಡೂ ಕೈಗಳಿಂದ ಹಣ್ಣನ್ನು ಹಿಡಿದುಕೊಂಡಳು. ಅವನು ಒತ್ತಿದ. ತಿರುಳು ಸಣ್ಣಗೆ ಚಟ್ ಎಂದಿತು.

"ಎಷ್ಟು?" ಎಂದಳು.

ಅವನು ಅಂಕಿಯನ್ನು ಬೆಳಕಿಗೆ ತಿರುಗಿಸಿ ಓದಿದ.

"ಹದಿನೆಂಟು ಪೌಂಡು."